ಮಹಾದೇವಿ ಆರಿಸಿಕೊಂಡ ಶಿಬಿರ

2022ರ ಬೇಸಿಗೆ. ಪುಣೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ. ಕಾಲೇಜು, ನೌಕರಿ, ಮದುವೆ ಎಂದು ಹಳೆಯ ವಿದ್ಯಾರ್ಥಿಗಳು ಎಲ್ಲದಕ್ಕೂ ಸಲಹೆ ಕೇಳಲು ಬರುತ್ತಿದ್ದರು. ಕಥೆ ಬರೆಯುವುದನ್ನು ಕಲಿಯಲು ಎಲ್ಲಿಗೆ ಹೋಗಲಿ ಎಂದು ಕೇಳಿದವಳು ಮಹಾದೇವಿ ಒಬ್ಬಳೇ.

ಅವಳ ತಂದೆತಾಯಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಪುಣೆಯ ಕೊಂಢವಾ ಬಡಾವಣೆಯಲ್ಲಿ ಕೂಲಿಕಾರರ ಮಕ್ಕಳ ಶಿಶುವಿಹಾರ ನೋಡಿಕೊಳ್ಳುತ್ತಿದ್ದಳು. ಬರೆದ ಕಥೆಗಳನ್ನೆಲ್ಲ ಮೊದಲು ನನಗೇ ತೋರಿಸುತ್ತಿದ್ದಳು. ಕಥೆಗಳೇನೋ ಚೆನ್ನಾಗಿದ್ದವು, ಆದರೆ ಪ್ರತಿಯೊಂದೂ ನಡುವೆ ಕುಂಟುತ್ತಿತ್ತು. ಯಾಕೆಂದು ಹೇಳಲು ನನಗೆ ಬರುತ್ತಿರಲಿಲ್ಲ. ಹೀಗೇ ಆದರೆ ಬರೆಯುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಅವಳು ಬೇಸತ್ತು ಹೇಳಿದ್ದಳು.

ಆ ಮೇ ತಿಂಗಳು ಎರಡು ಕಥಾ ಶಿಬಿರಗಳು ಅವಳನ್ನು ಆಯ್ಕೆ ಮಾಡಿದವು. ಒಂದು ಗಿರಿಧಾಮದ ಹೋಟೆಲಿನಲ್ಲಿ. ಹೆಸರಾಂತ ಲೇಖಕರ ಉಪನ್ಯಾಸ, ಕೊನೆಗೆ ಸರ್ಟಿಫಿಕೇಟು. ಇನ್ನೊಂದು ಧಾರವಾಡದಲ್ಲಿ, ಹನ್ನೆರಡು ಜನ ಕಲಿಯುವವರು, ಯಾರೂ ಹೆಸರು ಕೇಳದ ಒಬ್ಬ ಮಾಸ್ತರು. ಎರಡೂ ಒಂದೇ ವಾರ ಇದ್ದವು, ಅವಳಿಗೆ ರಜೆ ಸಿಗುವುದೂ ಆ ಒಂದು ವಾರ ಮಾತ್ರ.

ನಮ್ಮ ಕನ್ನಡ ಬಳಗದವರು ಅವಳನ್ನು ಕೇಳದೆಯೇ ಗಿರಿಧಾಮವೆಂದು ತೀರ್ಮಾನಿಸಿ, ಹೋಗುವ ಮೊದಲೇ ಸನ್ಮಾನ ಇಟ್ಟುಕೊಂಡರು. ನಮ್ಮವರು ಹಾಗೆಯೇ. ಮಗು ಹತ್ತನೇ ತರಗತಿ ಪಾಸಾದರೂ ಶಾಲು, ಅಜ್ಜ ಕಾಶಿಗೆ ಹೊರಟರೂ ಶಾಲು. ಅಧ್ಯಕ್ಷರು ಬಟ್ಟೆ ವ್ಯಾಪಾರಿಗಳು, ಹೀಗಾಗಿ ಶಾಲಿಗೇನೂ ಬರವಿರಲಿಲ್ಲ.

ಎರಡೂ ಕಡೆ ಫೋನ್ ಮಾಡಿ, 'ನನ್ನ ಕಥೆ ಯಾರು ಓದುತ್ತಾರೆ' ಎಂದಷ್ಟೇ ಕೇಳು ಎಂದು ನಾನು ಮಹಾದೇವಿಗೆ ಹೇಳಿದೆ. ನನ್ನ ಕೋಣೆಯಲ್ಲೇ ಸ್ಪೀಕರ್ ಹಾಕಿ ಮಾತಾಡಿದಳು. ಹೋಟೆಲಿನ ಶಿಬಿರದವರು ಅಷ್ಟು ಜನರದ್ದು ಓದಲಾಗದು, ಆದರೆ ಲೇಖಕರೊಂದಿಗೆ ಫೋಟೊ ಖಂಡಿತ ಎಂದರು. ಧಾರವಾಡದ ಮಾಸ್ತರು ಅವಳು ಅರ್ಜಿಯ ಜೊತೆ ಕಳಿಸಿದ್ದ ಕಥೆಯನ್ನು ಆಗಲೇ ಓದಿ ಮುಗಿಸಿದ್ದರು.

"ನಿನ್ನ ಕಥ್ಯಾಗಿನ ಶಾಂತವ್ವ ಸಿಟ್ಟಾಗಿ ಹೊರಗ ಹೋದಾಕಿ ಎಲ್ಲಿಗೆ ಹೋದ್ಳವಾ? ನಾ ಆಕೀನ್ನ ಕಾಯ್ಕೋತ ಕುಂತೀನಿ."

ಮಹಾದೇವಿ ಫೋನಿಟ್ಟು, ಆ ಕಥೆಯ ಪ್ರತಿ ತೆಗೆದು ಶಾಂತವ್ವ ಹೊರಗೆ ಹೋದ ಪುಟ ಹುಡುಕಿದಳು.

ಸನ್ಮಾನದ ದಿನ ಶಾಲು ಬಿಚ್ಚುತ್ತಿದ್ದ ಅಧ್ಯಕ್ಷರನ್ನು ತಡೆದು, ಮೈಕ್ ಮುಂದೆ ನಿಂತಳು.

"ನಾ ಧಾರವಾಡಕ್ಕ ಹೊಂಟೀನ್ರಿ. ಇನ್ನೂ ಏನೂ ಕಲ್ತಿಲ್ಲ, ಈಗ ಸನ್ಮಾನ ಬ್ಯಾಡ್ರಿ."

ಅಧ್ಯಕ್ಷರ ಮುಖ ಸಪ್ಪಗಾಯಿತು. ನನಗಂತೂ ಎದೆಯುಬ್ಬಿ ಬಂತು.

ಧಾರವಾಡದ ಶಿಬಿರದ ನಿಯಮ ಕಟ್ಟುನಿಟ್ಟು. ಬರೆದವರು ಗಟ್ಟಿಯಾಗಿ ಓದಬೇಕು. ಆಮೇಲೆ ಉಳಿದವರು ಏನೇ ಅಂದರೂ ಬಾಯಿ ಬಿಡುವಂತಿಲ್ಲ. ಮೊದಲ ದಿನ ಅವಳು ಫೋನಿನಲ್ಲಿ ಅತ್ತಳು; ಕಥೆಯ ಅರ್ಧ ಭಾಗ ಬೇಡವೇ ಬೇಡ ಎಂದಿದ್ದರಂತೆ. ಆಮೇಲೆ ಫೋನೇ ಬರಲಿಲ್ಲ. ಬರೆಯುತ್ತಿದ್ದಾಳೆ ಎಂದುಕೊಂಡೆ.

ವಾರ ಕಳೆದು ನೇರ ಶಾಲೆಗೇ ಬಂದು, ಹೊಸದಾಗಿ ಬರೆದ ಅದೇ ಕಥೆಯನ್ನು ಮುಂದಿಟ್ಟಳು. ಮೊದಲ ಪುಟ ಓದುತ್ತಲೇ ಹೊಗಳಲು ಬಾಯಿ ತೆರೆದೆ.

"ಸರ್ರ, ಛಲೋ ಅದ ಅನಬ್ಯಾಡ್ರಿ. ಎಲ್ಲಿ ಬ್ಯಾಸರಾತು ಅಷ್ಟ ಹೇಳ್ರಿ."

ಪೂರ್ತಿ ಓದಿದೆ. ಶಾಂತವ್ವ ಎಲ್ಲಿಗೆ ಹೋದಳೆಂದು ಈಗ ತಿಳಿಯಿತು, ಕಣ್ಣು ತುಂಬಿ ಬಂತು. ಆದರೂ ಎರಡು ಕಡೆ ಬೇಸರವಾಗಿತ್ತು, ಹೇಳಿದೆ. ಅವಳು ಅಲ್ಲೇ ಕುಳಿತು ತಿದ್ದತೊಡಗಿದಳು.

ಕಲಿಯಲು ಹೋಗುವ ಜಾಗದಲ್ಲಿ ಯಾರು ಮಾತಾಡುತ್ತಾರೆ ಎನ್ನುವುದಕ್ಕಿಂತ ನಮ್ಮದನ್ನು ಯಾರು ಓದುತ್ತಾರೆ ಎನ್ನುವುದು ದೊಡ್ಡದು. ಅದನ್ನು ಅವಳಿಗೆ ಹೇಳಿದವನು ನಾನೇ ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತೇನೆ. ಆದರೆ ಹೊಗಳಿಕೆ ಬೇಡ ಎನ್ನುವ ವಿದ್ಯಾರ್ಥಿ ನನ್ನ ಇಡೀ ನೌಕರಿಯಲ್ಲಿ ಸಿಕ್ಕಿದ್ದು ಅವತ್ತೊಂದೇ ದಿನ. ಇನ್ನು ನಿವೃತ್ತನಾದರೂ ಅಡ್ಡಿಯಿಲ್ಲ ಅನ್ನಿಸಿತು.