ಟ್ಯಾಂಕ್ ತುಂಬಿಸಿ ಪೂಜೆ ಮಾಡಿದ ದೋಣಿ

ಪುಟ್ಟಿ, ಗುಂಡು, ಶಾಲೆಯಲ್ಲಿ ನಿಮ್ಮನ್ನು ಕರೆಯುವ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಗೆ ನೀವು ಯಾವಾಗಲೂ ಪುಟ್ಟಿ ಮತ್ತು ಗುಂಡು. ಪುಟ್ಟಿ, ಇದನ್ನು ನೀನು ವುಡ್‌ರಿಡ್ಜ್‌ನಲ್ಲಿ ನಿನ್ನ ಅಮ್ಮನ, ಅಂದರೆ ನನ್ನ ಮಗಳ ಮನೆಯಲ್ಲಿ ಕುಳಿತು ಓದುತ್ತೀಯೇನೋ. ಗುಂಡು, ನೀನು ಇಲ್ಲೇ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ, ನಾನೂ ಇರುವ ನಿನ್ನ ಅಪ್ಪನ ಮನೆಯ ಮೆಟ್ಟಿಲ ಮೇಲೆ ಓದುತ್ತೀಯೇನೋ. ಭಾನುವಾರದ ಕನ್ನಡ ತರಗತಿಯಲ್ಲಿ ನೀವಿನ್ನೂ ಒತ್ತಕ್ಷರಗಳ ಹತ್ತಿರ ಇದ್ದೀರಿ. ಇದನ್ನು ಓದುವಷ್ಟು ಕಲಿಯುವ ಹೊತ್ತಿಗೆ ಈ ವರ್ಷದ ಬೇಸಿಗೆ ನಿಮ್ಮ ನೆನಪಿನಲ್ಲಿ ಮಸುಕಾಗಿರಬಹುದು. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಹಾಡುತ್ತೇನೆ ಎಂಬುದು ಬಹಳ ವರ್ಷ ನಿಮ್ಮ ತಾತನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಅಮ್ಮ ರಾಗಿ ಬೀಸುವಾಗ ಪದ ಹೇಳುತ್ತಿದ್ದಳು. ಬೀಸುವ ಕಲ್ಲಿನ ಸದ್ದಿನೊಳಗೆ ಅವಳ ದನಿ ಅಡಗಿರುತ್ತಿತ್ತು. ಹತ್ತಿರ ಕುಳಿತವರಿಗೆ ಮಾತ್ರ ಕೇಳುತ್ತಿತ್ತು, ಹತ್ತಿರ ಕುಳಿತಿದ್ದವಳು ನಾನು. ಊರಿನ ಶಾಲೆಯಲ್ಲಿ ಮೇಷ್ಟ್ರು ಒಂದು ದಿನ ನನ್ನನ್ನು ಎದ್ದು ನಿಲ್ಲಿಸಿ ಹಾಡು ಅಂದರು. ನಿಂತೆ, ಆದರೆ ಬಾಯಿ ಬರಲಿಲ್ಲ. ಎಲ್ಲರ ಮುಖವೂ ನನ್ನ ಕಡೆಗಿತ್ತು. ಆಮೇಲೆ ಯಾರ ಮುಂದೆಯೂ ನಾನು ಹಾಡಲಿಲ್ಲ. ಮದುವೆಯಾಗಿ ಈ ದೇಶಕ್ಕೆ ಬಂದು, ನಿಮ್ಮ ಅಪ್ಪ ಅಮ್ಮಂದಿರನ್ನು ಮಲಗಿಸುವಾಗ ಕೂಡ ಬೆನ್ನು ತಟ್ಟಿದ್ದೇನೆಯೇ ಹೊರತು ದನಿ ತೆಗೆದಿಲ್ಲ.

ನಿಮ್ಮ ತಾತ ಕಾರಿನ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದರು. ಕೆಲಸದಿಂದ ನಿವೃತ್ತರಾದ ವರ್ಷ ಯಾರೋ ಬಳಸಿದ್ದ ಒಂದು ಬಿಳಿಯ ದೋಣಿ ತಂದರು, ಹಿಂದೆ ಇಂಜಿನ್ ಇರುವುದು. ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಕೊನೆಗೆ ಕೆರೆ ಇದೆಯಲ್ಲ, ನೀವು ಲೇಕ್ ಅನ್ನುತ್ತೀರಿ, ನನಗೆ ಅದು ಕೆರೆಯೇ. ನಮ್ಮಿಬ್ಬರಿಗೂ ಈಜು ಬರುತ್ತಿರಲಿಲ್ಲ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು ಕೂರುತ್ತಿದ್ದೆ. ಆಚೆ ದಡದ ಓಕ್ ಮರ ಅದರ ಹಿಂದಿನ ನೀಲಿ ಚಾವಣಿಯ ಮನೆಗೆ ನೇರವಾಗಿ ಕಂಡ ಜಾಗದಲ್ಲಿ ಅವರು ಇಂಜಿನ್ ಆಫ್ ಮಾಡುತ್ತಿದ್ದರು. ಅದು ನಡುಕೆರೆ. ಸದ್ದೆಲ್ಲ ಒಮ್ಮೆಲೇ ನೀರಿಗೆ ಇಳಿದು ಹೋದ ಹಾಗೆ ಆಗುತ್ತಿತ್ತು. ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. ದಡಗಳು ನಿಧಾನವಾಗಿ ನಮ್ಮನ್ನು ಸುತ್ತು ಹಾಕುತ್ತಿದ್ದವು.

ಹಾಗೊಂದು ಸಂಜೆ ನನಗೇ ತಿಳಿಯದ ಹಾಗೆ ಅಮ್ಮನ ಪದ ಬಾಯಿಗೆ ಬಂತು. ಎರಡು ಸಾಲು ಆದ ಮೇಲೆ ಗಾಬರಿಯಾಗಿ ಅವರ ಕಡೆ ನೋಡಿದೆ. ಅವರು ಬೆನ್ನು ತಿರುಗಿಸಿ ದಡ ನೋಡುತ್ತಾ ಕುಳಿತಿದ್ದರು. ತಿರುಗಲೇ ಇಲ್ಲ. ನಾನು ಮುಂದುವರಿಸಿದೆ. ಮನೆಗೆ ಬಂದ ಮೇಲೆ ಅವರು ಅದರ ಮಾತು ಎತ್ತಲಿಲ್ಲ. ಮುಂದಿನ ಸಲ ಇಂಜಿನ್ ನಿಲ್ಲಿಸಿ, ಆ ಕಡೆ ತಿರುಗಿ ಕುಳಿತು, “ಅದರ ಹಾಡು ಮುಗೀತು ಕಣೇ, ಇನ್ನು ನಿಂದು” ಅಂದರು, ಅಷ್ಟೇ. ಎಷ್ಟೋ ಬೇಸಿಗೆ ಹಾಗೆ ಕಳೆದವು. ಈಗ ನೆನೆದರೆ ಎಲ್ಲ ಸೇರಿ ಒಂದೇ ಉದ್ದನೆಯ ಸಂಜೆಯಂತೆ ಕಾಣುತ್ತದೆ.

ಆಯುಧಪೂಜೆಗೆ ನಾವು ಕಾರುಗಳ ಜೊತೆ ದೋಣಿಗೂ ಕುಂಕುಮ ಹಚ್ಚಿ, ಟ್ರೈಲರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆವು. ಅದು ಇಲ್ಲಿ ಎಲೆ ಕೆಂಪಾಗಿ ಜನ ದೋಣಿಗಳನ್ನು ನೀರಿನಿಂದ ಎತ್ತಿ ಹೊದಿಕೆ ಹಾಕುವ ಹೊತ್ತು. ಖಾಲಿ ಪಾತ್ರೆಯನ್ನು ಪೂಜೆಗೆ ಇಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಕಲಶದಲ್ಲಿ ನೀರು ತುಂಬಿರಬೇಕು, ದೀಪದಲ್ಲಿ ಎಣ್ಣೆ ತುಂಬಿರಬೇಕು, ಆದ್ದರಿಂದ ದೋಣಿಯ ಟ್ಯಾಂಕೂ ತುಂಬಿರಬೇಕು. ತಾತ ಹತ್ತಿರದ ಪಂಪಿನಿಂದ ಕ್ಯಾನ್‌ಗಳಲ್ಲಿ ಪೆಟ್ರೋಲು ತಂದು ಕಂಠದವರೆಗೆ ಸುರಿದು, “ಅದರ ಹೊಟ್ಟೆ ತುಂಬಿಸಿದ್ದಾಯ್ತು, ನಮ್ಮ ಹೊಟ್ಟೆಗೇನು?” ಎಂದು ಕೇಳುತ್ತಾ ಒಳಗೆ ಬರುತ್ತಿದ್ದರು. ಅಂಥದೊಂದು ಪೂಜೆಯ ಬೆನ್ನಿಗೆ ಬಂದ ಚಳಿಗಾಲದಲ್ಲೇ ಅವರು ಹೋದರು.

ಎರಡು ಬೇಸಿಗೆ ದೋಣಿ ನೀಲಿ ಹೊದಿಕೆಯ ಕೆಳಗೆ ಹಾಗೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅದರ ಮೇಲೆ ಹಿಮ ಕೂರುತ್ತಿತ್ತು, ಕರಗುತ್ತಿತ್ತು, ಎಲೆ ಬೀಳುತ್ತಿತ್ತು. ಕನಸಿನಲ್ಲಿ ಮಾತ್ರ ಅದು ಹೊದಿಕೆಯ ಸಮೇತ ನೀರಿನ ಮೇಲೆ ಹೋಗುತ್ತಿತ್ತು, ಯಾರೂ ನಡೆಸದೆ. ಮನೆಯಲ್ಲಿ ಸ್ನಾನದ ನೀರು ಬಿಟ್ಟುಕೊಂಡು ಹಾಡಲು ನೋಡಿದೆ. ಮೊದಲ ಸಾಲೂ ದಾಟಲಿಲ್ಲ.

ಮೂರನೆಯ ವಸಂತದಲ್ಲಿ ನನ್ನ ಮಗ, ಅಂದರೆ ಗುಂಡು, ನಿನ್ನ ಅಪ್ಪ, ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದ. ಅವನಲ್ಲಿ ತಪ್ಪೇನಿಲ್ಲ, ಅವನಿಗೆ ಅದು ಜಾಗ ಹಿಡಿದು ಕುಳಿತ ಸಾಮಾನು. ಏನನ್ನೂ ಕೇಳದ ನಾನು ಅವತ್ತು ಕೇಳಿದೆ: “ಒಂದು ಸಲ ನಡುಕೆರೆಗೆ ಹೋಗಿ ಬರೋಣ ಕಣೋ. ಆಮೇಲೆ ಕೊಡು.” ಯಾಕೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಇಂಜಿನ್ ಹತ್ತಲೇ ಇಲ್ಲ. ಮಗ ಅದನ್ನು ದೋಣಿ ರಿಪೇರಿಯವನ ಬಳಿಗೆ ಎಳೆದುಕೊಂಡು ಹೋದ. ಸಂಜೆ ಬರುವಾಗ ಮಗ ಒಂದು ಗಾಜಿನ ಜಾಡಿ ತಂದು ಗ್ಯಾರೇಜಿನ ಕಿಟಕಿಯಲ್ಲಿ ಇಟ್ಟ. ಟ್ಯಾಂಕಿನ ತಳದಿಂದ ತೆಗೆದದ್ದು. ಬೆಳಕಿಗೆ ಹಿಡಿದರೆ ಮೇಲೆ ಕಾಯಿಸಿದ ತುಪ್ಪದ ಬಣ್ಣ, ಕೆಳಗೆ ಅಕ್ಕಿ ತೊಳೆದ ನೀರಿನಂತೆ ಮಬ್ಬು, ಮಧ್ಯೆ ಗೀಟು ಎಳೆದ ಹಾಗೆ ಒಂದು ಗೆರೆ. ನಾನು ಬಹಳ ಹೊತ್ತು ನೋಡುತ್ತಾ ನಿಂತೆ. ಚೆಂದವಾಗಿಯೇ ಇತ್ತು.

ಮಗ ಬಿಡಿಸಿ ಹೇಳಿದ. ಇಲ್ಲಿನ ಪಂಪುಗಳ ಪೆಟ್ರೋಲಿನಲ್ಲಿ ಮೆಕ್ಕೆಜೋಳದಿಂದ ಮಾಡಿದ ಎಥನಾಲ್ ಬೆರೆಸಿರುತ್ತಾರೆ. ದಿನವೂ ಓಡುವ ಕಾರಿಗೆ ಅಷ್ಟು ತೊಂದರೆಯಿಲ್ಲ. ಆದರೆ ನಿಂತಲ್ಲೇ ನಿಂತ ದೋಣಿಯಲ್ಲಿ ಅದು ಗಾಳಿಯ ತೇವವನ್ನು ಕುಡಿಯುತ್ತಾ ಹೋಗುತ್ತದೆ. ಕುಡಿದು ಭಾರವಾದ ಮೇಲೆ ಪೆಟ್ರೋಲನ್ನು ಬಿಟ್ಟು ಆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಸಾಲದ್ದಕ್ಕೆ ಹಳೆಯ ರಬ್ಬರ್ ಕೊಳವೆಗಳನ್ನೂ ಅದು ಮೆತ್ತಗೆ ಮಾಡಿಬಿಟ್ಟಿತ್ತು, ನೆನೆಸಿದ ಕಡಲೆಯ ಹಾಗೆ. ಚಳಿಗಾಲಕ್ಕೆ ಮುಂಚೆ ಇಷ್ಟು ತುಂಬಿಸಿ ಬಿಟ್ಟವರು ಯಾರು ಎಂದು ರಿಪೇರಿಯವನು ಕೇಳಿದನಂತೆ. ಮಗ ಪೂಜೆಯ ವಿಷಯ ಹೇಳಿದನಂತೆ. ಅದಕ್ಕೆ ಅವನು, ಆಶೀರ್ವಾದಕ್ಕೆ ನನ್ನ ಅಡ್ಡಿಯಿಲ್ಲ, ಅದರ ಜೊತೆ ಪೆಟ್ರೋಲು ಕೆಡದಂತೆ ಹಾಕುವ ಔಷಧಿಯನ್ನೂ ಒಂದಿಷ್ಟು ಹಾಕಿ, ಸಾಧ್ಯವಾದರೆ ಎಥನಾಲ್ ಇಲ್ಲದ ಪೆಟ್ರೋಲನ್ನೇ ಹುಡುಕಿ ಎಂದನಂತೆ. ಊರಿನಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಲ್ಲಿಯೂ ಪೆಟ್ರೋಲಿಗೆ ಇದನ್ನೇ ಬೆರೆಸುತ್ತಾರಂತೆ, ಅವನು ಬೆಳೆದ ಕಬ್ಬಿನದು. ಕಬ್ಬು ಮಾರಾಟವಾಗುವುದಕ್ಕೆ ಸಂತೋಷ, ಸ್ಕೂಟರು ಕೆಮ್ಮುವುದಕ್ಕೆ ಬೇಜಾರು ಎಂದು ನಕ್ಕ.

ಕೊಳವೆ ಬದಲಾಯಿಸಿ, ಇಂಜಿನ್ ತೊಳೆದು ದೋಣಿ ಮನೆಗೆ ಬಂತು. ಜುಲೈ ತಿಂಗಳಲ್ಲಿ ಪುಟ್ಟಿ, ನೀವೆಲ್ಲ ವುಡ್‌ರಿಡ್ಜ್‌ನಿಂದ ಬಂದಿರಿ. ಕಾರಿನಿಂದ ಇಳಿಯುತ್ತಲೇ ನಿನ್ನ ಅಮ್ಮ ದೂರು ಶುರು ಮಾಡಿದಳು.

“ದಾರಿಯುದ್ದಕ್ಕೂ ಜೋಳದ ಹೊಲ ನೋಡ್ಕೊಂಡ್ ಬಂದ್ವಿ, ಅದನ್ನೇ ಕಾರಿಗೂ ಕುಡಿಸಿದಾರೆ ನಿಮ್ಮಳಿಯ. ಪಂಪಲ್ಲಿ ಎಯ್ಟಿಎಯ್ಟ್ ಅಂತ ನಂಬರ್ ಹಾಕಿರೋ ಅಗ್ಗದ ಪೆಟ್ರೋಲಂತೆ. ಮೈಲೇಜ್ ನೋಡಮ್ಮ, ಬಿದ್ದೋಗಿದೆ.”

“ಎಯ್ಟಿಸೆವೆನ್‌ಗಿಂತ ಎಯ್ಟಿಎಯ್ಟ್ ದೊಡ್ಡದಲ್ವಾ ಅತ್ತೆ?” ಎಂದು ನಿನ್ನ ಅಪ್ಪ ನನ್ನ ಕಡೆ ನೋಡಿ ಕೇಳಿದರು. ಅಳಿಯಂದಿರಿಗೆ ಎದುರು ಹೇಳುವ ಅಭ್ಯಾಸ ನನಗಿಲ್ಲ. ನಕ್ಕೆ. ಮಾರನೆಯ ಬೆಳಗ್ಗೆ ದೋಣಿಗೆ ಪೆಟ್ರೋಲು ತರುತ್ತೇನೆಂದು ಕೆಂಪು ಕ್ಯಾನ್ ಹಿಡಿದು ಹೊರಟವರೂ ಅವರೇ.

ಮಧ್ಯಾಹ್ನ ಹೊರಟೆವು. ಮಗ ನಡೆಸುತ್ತಿದ್ದ. ನೀವಿಬ್ಬರೂ ಮುಂದೆ ಕುಳಿತು ಮುಖಕ್ಕೆ ನೀರು ಹಾರಿಸಿಕೊಳ್ಳುತ್ತಿದ್ದಿರಿ. ಕೆರೆಯ ಮೇಲೆ ಬಿಸಿಲಿನ ಝಳ ಆಡುತ್ತಿತ್ತು. ಓಕ್ ಮರ ನೀಲಿ ಚಾವಣಿಯ ನೇರಕ್ಕೆ ಬರುವುದನ್ನೇ ನಾನು ನೋಡುತ್ತಿದ್ದೆ. ಬಂತು. ಮಗ ನಿಲ್ಲಿಸಲಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು? ನಿಲ್ಲಿಸಪ್ಪ ಎಂದರೆ ಯಾಕಮ್ಮ ಎನ್ನುತ್ತಾನೆ. ಯಾಕೆಂದು ಹೇಳಲಿ, ಇಷ್ಟು ಜನರ ಮುಂದೆ? ಮರ ಮನೆಯನ್ನು ದಾಟಿ ಸರಿಯತೊಡಗಿತು. ಇಷ್ಟೇ, ಮುಗಿಯಿತು, ನಾಳೆ ದೋಣಿ ಯಾರದೋ ಆಗುತ್ತದೆ ಅಂದುಕೊಂಡೆ.

ಆಗ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತುಬಿಟ್ಟಿತು.

ಗಂಡಸರಿಬ್ಬರೂ ಅದರ ಮೇಲೆ ಬಗ್ಗಿದರು. “ಭಾವ, ಕ್ಯಾನ್‌ಗೆ ಯಾವ್ದು ಹಾಕ್ಸಿದ್ರಿ?” ಎಂದು ಮಗ ಕೇಳಿದ.

“ಎಯ್ಟಿಎಯ್ಟ್.”

“ಅದ್ರಲ್ಲಿ ಎಥನಾಲ್ ಇನ್ನೂ ಜಾಸ್ತಿ. ಬೋಟಿಗೆ ಹಾಕ್ಬೇಡಿ ಅಂತ ಪಂಪ್ ಮೇಲೇ ಬರ್ದಿರತ್ತಲ್ಲ.”

“ಕಾರ್ ಅಂತಿರೋ ಲೈನ್ ತನಕ ಓದ್ದೆ,” ಎಂದರು ಅಳಿಯಂದಿರು. ಮಗಳು ಬಾಯಿಗೆ ಸೆರಗಿನ ಹಾಗೆ ಟವೆಲ್ ಅಡ್ಡ ಹಿಡಿದಳು. ಟ್ಯಾಂಕಿನ ತಳದಲ್ಲಿ ಅಂಟಿದ್ದ ಹಳೆಯ ಜಿಡ್ಡನ್ನೆಲ್ಲ ಆ ಪೆಟ್ರೋಲು ಕರಗಿಸಿ ತಂದು ಫಿಲ್ಟರಿನಲ್ಲಿ ಕೂರಿಸಿತ್ತೆಂದು ಆಮೇಲೆ ತಿಳಿಯಿತು. ಮಗ ಪಕ್ಕದ ಮನೆಯವರಿಗೆ ಫೋನ್ ಮಾಡಿದ. ಅವರು ತಮ್ಮ ದೋಣಿ ತಂದು ಎಳೆದುಕೊಂಡು ಹೋಗುತ್ತೇವೆ, ಕಾಯಿರಿ ಎಂದರು.

ದೋಣಿ ತನ್ನಷ್ಟಕ್ಕೆ ತಿರುಗತೊಡಗಿತು, ಹಿಂದಿನಂತೆ. ನೀರು ತಳವನ್ನು ಮುಟ್ಟಿ ಮುಟ್ಟಿ ಹೋಗುವ ಸದ್ದು. ಗುಂಡು, ನೀನು ಹೆದರಿಕೊಂಡು ನನ್ನ ಮಡಿಲಿಗೆ ಬಂದೆ. ನಿನ್ನ ಬೆನ್ನು ತಟ್ಟುತ್ತಾ ತಟ್ಟುತ್ತಾ ಅಮ್ಮನ ಪದ ಬಂದುಬಿಟ್ಟಿತು. ಮೊದಲು ಗುನುಗು, ಆಮೇಲೆ ಮಾತು. ತಲೆ ಎತ್ತಿದರೆ ಎಲ್ಲರ ಮುಖವೂ ನನ್ನ ಕಡೆಗಿತ್ತು. ಶಾಲೆಯ ಆ ದಿನದ ಹಾಗೆಯೇ. ಹಾಡು ಅಲ್ಲೇ ನಿಲ್ಲಿಸಿದೆ. ನಿನ್ನ ಅಪ್ಪ ನನ್ನ ಮುಖದಲ್ಲಿ ಏನು ಕಂಡನೋ ತಿಳಿಯದು. ಮೆಲ್ಲಗೆ ಆ ಕಡೆ ತಿರುಗಿ, ಬೆನ್ನು ನನಗೆ ಮಾಡಿ, ದಡ ನೋಡುತ್ತಾ ಕುಳಿತ. ಅದೇ ಬೆನ್ನು. ಸ್ವಲ್ಪ ಬಾಗಿದ ಎಡ ಭುಜವೂ ಅದೇ. ಅವನನ್ನು ನೋಡಿ ಉಳಿದವರೂ ತಿರುಗಿದರು. ನಾನು ಹಾಡಿದೆ.

ಪದ ಮುಗಿಯುವ ಮೊದಲೇ ಪಕ್ಕದ ಮನೆಯವರ ದೋಣಿ ಭರ್ರೆಂದು ಬಂತು. ಹಗ್ಗ ಎಸೆದರು, ಕೈ ಬೀಸಿದರು, ದಡಕ್ಕೆ ಎಳೆದರು.

ದೋಣಿ ಕೊಡುವ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಫಿಲ್ಟರ್ ಬದಲಾಯಿಸಿ, ಉತ್ತರಕ್ಕೆ ಬಹಳ ದೂರ ಹೋಗಿ ಎಥನಾಲ್ ಬೆರೆಸದ ಪೆಟ್ರೋಲು ತಂದ. ಇಂಜಿನ್ ಆಮೇಲೆ ಒಂದು ದಿನವೂ ಕೆಮ್ಮಲಿಲ್ಲ. ಅದೇ ನನಗೆ ಕಷ್ಟವಾಯಿತು. ದೋಣಿ ನಡುಕೆರೆಯನ್ನು ಸರ್ರನೆ ದಾಟುತ್ತಿತ್ತು, ನಾನು ಅಂಚು ಹಿಡಿದು ಸುಮ್ಮನೆ ಕೂರುತ್ತಿದ್ದೆ. ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ. ಹಾಡಬೇಕು ಎಂದು ಹೇಳಿ ಹಾಡುವುದು ನನ್ನಿಂದ ಆಗದು.

ಆಗಸ್ಟ್ ಕೊನೆಗೆ, ಶಾಲೆ ಶುರುವಾಗುವ ಮುಂಚೆ, ಪುಟ್ಟಿ, ನೀವು ಮತ್ತೆ ಬಂದಿರಿ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನೀನು ಅವತ್ತು ದೋಣಿಯಲ್ಲಿ ಓಕ್ ಮರವನ್ನು ನೋಡಿ, ನನ್ನ ಕಡೆ ನೋಡಿ, ನನ್ನ ಮಗನ ತೋಳು ಹಿಡಿದೆ.

“ಮಾಮ, ಎಂಜಿನ್ ಆಫ್ ಮಾಡು. ಅವತ್ತು ಅಜ್ಜಿ ಫಿನಿಶ್ ಮಾಡ್ಲಿಲ್ಲ.”

ಅವನು ಕೀಲಿ ತಿರುಗಿಸಿದ. ಸದ್ದು ನೀರಿಗಿಳಿಯಿತು. ನೀನು ಗುಂಡುವಿನ ತಲೆಯನ್ನು ಎರಡೂ ಕೈಯಿಂದ ಹಿಡಿದು ದಡದ ಕಡೆಗೆ ತಿರುಗಿಸಿ, ನೀನೂ ತಿರುಗಿ ಕುಳಿತೆ. ನಾನು ಪದವನ್ನು ಮೊದಲಿನಿಂದ ಹಿಡಿದು ಕೊನೆಯವರೆಗೆ ಹಾಡಿದೆ.

ಈ ಸಲದ ಆಯುಧಪೂಜೆಗೆ ಟ್ಯಾಂಕ್ ಖಾಲಿಯೇ ಇರಲಿ ಎಂದೆ. ಖಾಲಿ ಇಟ್ಟು ಪೂಜೆ ಮಾಡಬಾರದು ಅಂತ ನೀನೇ ಹೇಳಿದ್ದಲ್ವಾ ಎಂದು ಮಗ ಆ ದೂರದ ಪೆಟ್ರೋಲನ್ನೇ ತುಂಬಿಸಿ, ಔಷಧಿಯನ್ನೂ ಹಾಕಿದ. ಮುಂದೆ ದೋಣಿ ನಡೆಸುವವರು ನೀವು. ಹತ್ತಿರದ ಪಂಪಿನದು ಸುಲಭವೆಂದು ಸುರಿಯಬೇಡಿ. ಓಕ್ ಮರ ನೀಲಿ ಚಾವಣಿಯ ನೇರಕ್ಕೆ ಬಂದಾಗ, ನಾನು ಜೊತೆಯಲ್ಲಿರಲಿ ಇಲ್ಲದಿರಲಿ, ಸ್ವಲ್ಪ ಹೊತ್ತು ಇಂಜಿನ್ ನಿಲ್ಲಿಸಿ.

ಅಮ್ಮನ ಪದವನ್ನು ಪೂರ್ತಿಯಾಗಿ ಇದರ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಮಕ್ಕಳೇ, ಈ ಹಾಳೆಗಳನ್ನು ದೋಣಿಯ ಕಾಗದಗಳ ಜೊತೆ ಗ್ಯಾರೇಜಿನಲ್ಲಿ ಇಡಬೇಡಿ, ಅಲ್ಲಿ ತೇವ, ಪೆಟ್ರೋಲಿನ ವಾಸನೆ. ಒಳಗೆ, ನನ್ನ ಹತ್ತಿ ಸೀರೆಗಳ ಮಡಿಕೆಯಲ್ಲಿ, ಜೋಪಾನವಾಗಿ ಇಟ್ಟುಕೊಳ್ಳಿ.