ಪೂರ್ತಿ ಓದದೆ ಹೇಳಿದ ಮಾತು

“ತಂಗಿ, ನೀ ಸಾಲಿ ಕಲ್ತಾಕಿ ಇದ್ದಂಗ ಅದಿ. ಇದರಾಗ ಏನ್ ಬರದಾರ ಹೇಳವಾ.”

ಬೆಳಗಾವಿಯ ಸ್ಕ್ಯಾನಿಂಗ್ ಕೇಂದ್ರದ ಹೊರಗೆ ನಂದಗಡದ ಮಾವಶಿಯೊಬ್ಬರು, ಗುರುತಿಲ್ಲದ ಹಿರಿಯ ಹೆಂಗಸು, ನನ್ನ ಕೈಗೆ ರಿಪೋರ್ಟ್ ಕೊಟ್ಟರು. ಅವರ ಕೊರಳಲ್ಲಿ ಗಂಟಿತ್ತು. ‘ಅಪಿಯರ್ಸ್ ಬಿನೈನ್’ ಎಂಬಲ್ಲಿ ಕ್ಯಾನ್ಸರ್ ಅಲ್ಲ ಎನ್ನುವ ‘ಬಿನೈನ್’ ಕಂಡದ್ದೇ, ಅವರ ಆತಂಕದ ಮುಖ ನೋಡಿ, “ಏನೂ ಅಪಾಯ ಇಲ್ರಿ ಮಾವಶಿ” ಎಂದುಬಿಟ್ಟೆ.

“ಹಂಗಾರ ಡಾಕ್ಟರ್ ಕಡೆ ಮತ್ಯಾಕ ಹೋಗೂದು? ಮನ್ಯಾಗ ಎಮ್ಮಿ ಹಿಂಡೂದೈತಿ” ಎಂದು ನಗುತ್ತ ಬಸ್‌ಸ್ಟ್ಯಾಂಡಿನತ್ತ ನಡೆದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಅದರ ಮೊದಲ ಪದ ನೆನಪಾಯಿತು. ‘ಅಪಿಯರ್ಸ್’ ಎಂದರೆ ನೋಡಲು ಹಾಗಿದೆ ಎಂದಷ್ಟೇ, ಹಾಗೇ ಇದೆ ಎಂದಲ್ಲ. ‘ಸೀಮ್ಸ್’ ಎಂದರೆ ತೋರುತ್ತದೆ, ‘ಡಿಸೆಪ್ಟಿವ್’ ಎಂದರೆ ಮೋಸಗೊಳಿಸುವಂಥದ್ದು ಎಂದು ಇಂಥ ಪದಗಳನ್ನೇ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿ, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ರಿಪೋರ್ಟಿನ ಕೆಳಗೆ ಇನ್ನೂ ಎರಡು ಸಾಲಿದ್ದವು. ಅವನ್ನು ಓದಿರಲೇ ಇಲ್ಲ.

ಓಡಿದೆ. ಅವರೂರಿನ ಕಡೆಗೆ ಹೋಗುವ ಖಾನಾಪುರದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿ ಬಡಿದೆ. “ಮಾವಶಿ, ಇಳೀರಿ! ನಾ ತಪ್ಪ ಹೇಳೇನ್ರಿ. ಛಲೋ ಕಾಣತೈತಿ ಅಂತ ಅಷ್ಟ ಬರದಾರ, ಛಲೋ ಐತಿ ಅಂದಿಲ್ರಿ.”

“ಕಲ್ತಾಕಿನ ಹಿಂಗಂದ್ರ ನಾ ಯಾರನ್ನ ಕೇಳಲಿವಾ?” ಎನ್ನುತ್ತ ಅವರು ಇಳಿದರು. ಅಲ್ಲೇ ನಿಂತು ರಿಪೋರ್ಟ್ ಬಿಚ್ಚಿ ಕೊನೆಯವರೆಗೆ ಓದಿದೆ. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಲೇಬೇಕೆಂದು ಕೆಳಗಿನ ಸಾಲಿನಲ್ಲಿತ್ತು. ಅವರನ್ನು ಡಾಕ್ಟರ ಬಾಗಿಲವರೆಗೆ ಕರೆದೊಯ್ದೆ. ಪರೀಕ್ಷೆಯಲ್ಲಿ ಏನು ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

ಈಗಲೂ ಯಾರಾದರೂ ಕಾಗದ ಹಿಡಿದು ಬಂದರೆ ಓದಿ ಹೇಳುತ್ತೇನೆ. ಆದರೆ ಕೊನೆಯ ಸಾಲು ಮುಗಿಯುವ ತನಕ ಅವರ ಮುಖ ನೋಡುವುದಿಲ್ಲ. ನೋಡಿದರೆ ಅವರಿಗೆ ಬೇಕಾದ ಉತ್ತರವೇ ಬಾಯಿಗೆ ಬಂದುಬಿಡುತ್ತದೆ.