ಚಳಿಗಾಲದ ಆಟ ನೋಡುತ್ತಿದ್ದ ಬಾಯಮ್ಮ

ಬಾಯಮ್ಮನ ಎಡಗೈಯ ಕಿರುಬೆರಳು ನಡುಗಿಣ್ಣಿನಿಂದ ಹೊರಕ್ಕೆ ಬಾಗಿತ್ತು. ಚಹಾದ ಲೋಟ ಹಿಡಿದರೆ ಉಳಿದ ಬೆರಳುಗಳೆಲ್ಲ ಲೋಟವನ್ನು ಅಪ್ಪಿಕೊಂಡಿರುತ್ತಿದ್ದವು, ಅದೊಂದು ಮಾತ್ರ ಬೇರೆ ಯಾರದೋ ಬೆರಳಿನ ಹಾಗೆ ದೂರ ನಿಂತಿರುತ್ತಿತ್ತು. ನೋಡಿದವರು ಏನಾಯಿತೆಂದು ಕೇಳಿದರೆ, "ಇದು ನನ್ನ ಬಾಬು ಮುರಿದದ್ದು" ಎಂದು ಬಳೆ ತೋರಿಸುವವರ ಹಾಗೆ ಕೈಯೆತ್ತಿ ತೋರಿಸುತ್ತಿದ್ದರು.

ಮಕ್ಕಳೇ, ನಿಮಗೆ ಅವರ ನೆನಪು ಅಷ್ಟಾಗಿ ಇರಲಾರದು. ಸೌದಿಯ ಖತೀಫಿನ ಈ ಕಟ್ಟಡದಲ್ಲಿ ನಮ್ಮ ಎದುರು ಬಾಗಿಲಿನ ಒಂದು ಕೋಣೆಯಲ್ಲಿ ಅವರು ಒಬ್ಬರೇ ಇದ್ದರು. ಕಾರ್ಕಳದ ಕಡೆಯವರು, ಕೊಂಕಣಿ ಮಾತಿನವರು. ಮದುವೆಯಾಗಿರಲಿಲ್ಲ. ಪ್ರಾಯದಲ್ಲಿ ತೈಲ ಕಂಪೆನಿಯ ಕ್ಯಾಂಪಿನಲ್ಲಿ ಒಂದು ಅಮೆರಿಕದ ಕುಟುಂಬಕ್ಕೆ ಆಯಾ ಆಗಿ ಬಂದಿದ್ದರು. ಆ ಮನೆಯ ಕೂಸು ನಡೆಯಲು ಕಲಿತದ್ದು ಇವರ ಬೆರಳು ಹಿಡಿದು, ಗಂಜಿ ಉಂಡದ್ದು ಇವರ ಕೈಯಿಂದ. ಅವನಿಗೆ ಅವರಿಟ್ಟ ಹೆಸರು ಬಾಬು. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುವ ಹುಡುಗನಂತೆ. ಲಿಂಬೆಹಣ್ಣು, ನೀರುಳ್ಳಿ, ಕೊನೆಗೆ ಗಟ್ಟಿ ಚರ್ಮದ ಚೆಂಡು. ಅಪ್ಪನಿಗೆ ಪುರುಸೊತ್ತಿಲ್ಲ, ಅಮ್ಮನಿಗೆ ಸೆಕೆಯಾಗುತ್ತದೆ. ಚೆಂಡು ಹಿಡಿಯಲು ಅಂಗಳದಲ್ಲಿ ನಿಲ್ಲುತ್ತಿದ್ದವರು ಬಾಯಮ್ಮ. ಬೆರಳು ಮುರಿದ ದಿನ ಅಳುತ್ತಾ ಇದ್ದದ್ದು ಹುಡುಗನಂತೆ, ಇವರಲ್ಲ. ಆಮೇಲೆ ಆ ಕುಟುಂಬ ಊರಿಗೆ ಹೋಯಿತು. ಕೆಲವು ವರ್ಷ ಕ್ರಿಸ್ಮಸ್ಸಿಗೆ ಕಾರ್ಡು ಬಂತು, ಮತ್ತೆ ನಿಂತಿತು. ಬಾಯಮ್ಮ ಒಂದು ಶಿಶುವಿಹಾರದಲ್ಲಿ ಕೆಲಸ ಹಿಡಿದು ಇಲ್ಲೇ ಉಳಿದರು.

ಆ ಹುಡುಗ ದೊಡ್ಡವನಾಗಿ ಬೇಸ್‌ಬಾಲ್ ಆಟಗಾರನಾದ. ಚೆಂಡು ಎಸೆಯುವುದೇ ಅವನ ಕೆಲಸ. ಕಾರ್ಡು ನಿಂತ ಮೇಲೂ ಬಾಯಮ್ಮ ಅವನ ಹೆಸರನ್ನು ಫೋನಿನಲ್ಲಿ ಹುಡುಕಿ ಹುಡುಕಿ ಇದನ್ನೆಲ್ಲ ತಿಳಿದಿದ್ದರು. ಒಂದು ದೊಡ್ಡ ತಂಡದವರು ಅವನನ್ನು ತಮ್ಮ ಕಿರಿಯರ ತಂಡಕ್ಕೆ ತೆಗೆದುಕೊಂಡಿದ್ದರು. ದೊಡ್ಡ ತಂಡಕ್ಕೆ ಹತ್ತಲು ಅಂಥ ಹುಡುಗರು ನೂರಾರು ಜನ ಕಾದು ನಿಂತಿರುತ್ತಾರಂತೆ. ಅಮೆರಿಕದಲ್ಲಿ ಚಳಿಗಾಲಕ್ಕೆ ಆ ಆಟಕ್ಕೆ ರಜೆ. ಆಗ ಈ ಹುಡುಗರು ಸಮುದ್ರದ ಮಧ್ಯದ ಬೆಚ್ಚಗಿನ ದ್ವೀಪಗಳಿಗೆ ಹೋಗಿ ಅಲ್ಲಿನ ತಂಡಗಳಲ್ಲಿ ಆಡುತ್ತಾರೆ. ಬಾಯಮ್ಮ ನನಗೆ ಅದನ್ನು ಹೇಳಿಕೊಟ್ಟದ್ದು ಹೀಗೆ: "ಬೇಸಗೆ ಮುಗಿದು ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಎಳೆ ವೇಷಧಾರಿಗಳು ಅಲ್ಲಿ ಇಲ್ಲಿ ಆಟ ಮಾಡ್ತಾರಲ್ಲ, ಯಜಮಾನರ ಕಣ್ಣಿಗೆ ಬೀಳ್ಲಿಕ್ಕೆ? ಅದೇ ಮಾರಾಯ್ತಿ. ವೇಷ ಮಾತ್ರ ಬೇರೆ."

ನನಗೆ ಇದೆಲ್ಲ ತಿಳಿದದ್ದು ನಿಮ್ಮ ಅಜ್ಜ ತೀರಿಹೋದ ಚಳಿಗಾಲದಲ್ಲಿ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಹೊಸ್ತಿಲು ದಾಟಬಾರದು. ನಾನು ಮೊದಲೇ ಹೊರಗೆ ಹೋಗುವವಳಲ್ಲ. ಅಂಗಡಿ, ಆಸ್ಪತ್ರೆ, ಏನಿದ್ದರೂ ನಿಮ್ಮ ಅಜ್ಜನ ಹಿಂದೆ ಹಿಂದೆ ನಡೆದವಳು. ಬಿಳಿ ಬಟ್ಟೆ ಉಟ್ಟು ಆ ಕೋಣೆಯಲ್ಲಿ ಕೂತಾಗ ಇನ್ನು ನಾನು ಎದ್ದರೂ ಎಲ್ಲಿಗೆ ಹೋಗಬೇಕು ಎಂದೆನಿಸಿತ್ತು. ಊಟದ ತಟ್ಟೆಯನ್ನು ಹಾಗೆಯೇ ವಾಪಸು ಕಳಿಸುತ್ತಿದ್ದೆ. ನಿಮ್ಮ ಅಪ್ಪ, ಅಮ್ಮ ಹೆದರಿದ್ದರು.

ಬಾಯಮ್ಮ ಬರುತ್ತಿದ್ದದ್ದು ಬೆಳಿಗ್ಗೆ, ನನ್ನ ಸುಬಹಿ ನಮಾಜು ಮುಗಿಯುವುದಕ್ಕೆ ಸರಿಯಾಗಿ. ಇಲ್ಲಿ ಬಾಂಗ್ ಕೊಡುವ ಹೊತ್ತಿಗೆ ಆ ದ್ವೀಪದಲ್ಲಿ ಹಿಂದಿನ ದಿನದ ಆಟ ಮುಗಿಯುತ್ತಾ ಬಂದಿರುತ್ತದೆ, ಬಾಬುವನ್ನು ಕರೆಯುವುದೂ ಆ ಕೊನೆಯ ಗಳಿಗೆಯಲ್ಲೇ. ಅವರು ಒಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ ಫೋನನ್ನು ಮೂಗಿಗೆ ತಾಗಿಸಿಕೊಂಡು ಕೂರುತ್ತಿದ್ದರು. ಚಿತ್ರ ಬರುತ್ತಿರಲಿಲ್ಲ. ಬರೀ ಅಂಕಿಗಳು, ಚುಕ್ಕೆಗಳು.

"ನೋಡು, ಬಂದ! ಬಾಬು ಬಂದ! ದುವಾ ಮಾಡು."

"ಏನೆಂದು ಮಾಡಲಿ?"

"ದೊಣ್ಣೆಯವನ ಕಣ್ಣಿಗೆ ಚೆಂಡು ಕಾಣದಿರಲಿ ಅಂತ."

"ಹಾಗೆಲ್ಲ ಇನ್ನೊಬ್ಬರಿಗೆ ಕೆಟ್ಟದ್ದು ಕೇಳಬಾರದು ಬಾಯಮ್ಮ."

"ಹಾಗಾದ್ರೆ ಬಾಬುವಿನ ಕೈ ನೋಯದಿರಲಿ ಅಂತ ಕೇಳು. ಅದಕ್ಕೆ ನಿಮ್ಮ ಉಸ್ತಾದರ ಅಡ್ಡಿ ಇಲ್ಲವಲ್ಲ?"

ಗಂಡ ಸತ್ತ ಮೇಲೆ ನಾನು ಮೊದಲ ಸಲ ನಕ್ಕದ್ದು ಅಲ್ಲಿ. ಮೂವರು ಔಟಾದರೆಂದು ಅವರು ತೊಡೆ ತಟ್ಟಿದಾಗ ನಾನೂ ಅಲ್ಹಮ್ದುಲಿಲ್ಲಾ ಎಂದೆ. ಆಮೇಲೆ ಅವರು ತಂದ ಗಂಜಿಯನ್ನು ಇಬ್ಬರೂ ಉಂಡೆವು. ಮರುದಿನ ಏನಾಗುತ್ತದೋ ಎಂದು ಕಾಯುವ ಒಂದು ಸಂಗತಿ ನನಗೆ ಸಿಕ್ಕಿತ್ತು.

ಆದರೆ ಆ ಕೈ ಸುಮ್ಮನೆ ನೋಯುವ ಕೈಯಲ್ಲ. ಹಿಂದಿನ ವರ್ಷ ಬಾಬುವಿನ ಮೊಣಕೈಯ ನರವೋ ಕಟ್ಟೋ ಹರಿದು ಆಪರೇಷನ್ ಆಗಿತ್ತು. ವರ್ಷಕ್ಕೂ ಮಿಕ್ಕಿ ಚೆಂಡು ಮುಟ್ಟಿರಲಿಲ್ಲ. ಕೈ ತಡೆಯುತ್ತದೋ ಇಲ್ಲವೋ ನೋಡಲೆಂದೇ ಅವನನ್ನು ದ್ವೀಪಕ್ಕೆ ಕಳಿಸಿದ್ದರು. ಈ ಚಳಿಗಾಲ ತಡೆಯದಿದ್ದರೆ ತಂಡದವರು ಬಿಟ್ಟುಬಿಡುತ್ತಾರೆ ಎಂದು ಎಲ್ಲ ಕಡೆ ಬರೆದಿದ್ದರಂತೆ.

ಒಂದು ಬೆಳಿಗ್ಗೆ ಬಾಯಮ್ಮ ಫೋನು ನೋಡುತ್ತಿದ್ದಾಗ ಅವರ ನೈಟಿಯ ಎದೆಯ ಭಾಗದಲ್ಲಿ ಒದ್ದೆ ಕಲೆ ಕಂಡಿತು. ಗಂಜಿ ಚೆಲ್ಲಿತೇನೋ ಎಂದು ಒರೆಸಲು ಹೋದೆ. ಅವರು ನನ್ನ ಕೈಯನ್ನು ತಳ್ಳಿದರು. ವಾಸನೆ ನನಗೆ ಗೊತ್ತಾಯಿತು. ಬಾಗಿಲು ಹಾಕಿ, "ತೋರಿಸಿ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರೊಂದಿಗೂ ಮಾತಾಡಿದವಳಲ್ಲ. ನೋಡಿದ್ದನ್ನು ನಾನು ಬರೆಯುವುದಿಲ್ಲ. ಗಂಟು ಒಡೆದಿತ್ತು, ಅಷ್ಟು ಸಾಕು.

"ಯಾವಾಗಿನಿಂದ?"

"ಬಾಬುವಿನ ಕೈ ಹೋದ ಸಮಯದಿಂದ."

"ಡಾಕ್ಟರು?"

"ಆಗಲೇ ಹೇಳಿದ್ರು, ತೆಗೀಬೇಕು ಅಂತ. ನಾನು ಹರಕೆ ಹೇಳಿಕೊಂಡಿದ್ದೇನೆ."

ಹರಕೆ ಏನೆಂದು ಬಿಡಿಸಿ ಹೇಳಿದರು. ಬಾಬುವಿಗೆ ಆಪರೇಷನ್ ಎಂದು ಓದಿದ ವಾರದಲ್ಲೇ ಇವರ ಕೈಗೆ ಗಂಟು ಸಿಕ್ಕಿತ್ತು. ಮಾತೆ ಮರಿಯಮ್ಮನೇ ಗುರುತು ಕೊಟ್ಟಳೆಂದು ಅವರು ತಿಳಿದರು. ಕೋಣೆಯ ಬಾಗಿಲು ಹಾಕಿಕೊಂಡು ಜಪಸರ ಹಿಡಿದು ಹೇಳಿಕೊಂಡರು: ನನಗೆ ಬಂದದ್ದು ನನ್ನಲ್ಲೇ ಇರಲಿ, ಅವನ ಕೈ ಅವನಿಗೆ ಬರಲಿ. ಅವನು ಒಂದು ಚಳಿಗಾಲ ಪೂರ್ತಿ ಎಸೆಯುವವರೆಗೆ ನಾನು ನನ್ನ ಮೈಗೆ ಕತ್ತಿ ತಾಗಿಸುವುದಿಲ್ಲ.

"ಈಗ ತೆಗೆಸಿದ್ರೆ ಕೊಟ್ಟದ್ದನ್ನು ವಾಪಸು ಕೇಳಿದ ಹಾಗೆ" ಎಂದರು.

ನಮ್ಮಲ್ಲೂ ಹರಕೆ ಉಂಟು. ದರ್ಗಾಕ್ಕೆ ನನ್ನ ತಾಯಿ ಹೊತ್ತ ಹರಕೆಗಳಿಂದಲೇ ನಾವು ಬದುಕಿದೆವು ಎಂದು ನಂಬಿ ಬೆಳೆದವಳು ನಾನು. ಆದ್ದರಿಂದ ಅದು ಮೂಢತನ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಮರ್ಯಂ ಬೀವಿ ನಮಗೂ ಗೊತ್ತು. ಅವರು ಮಗನನ್ನು ಹೆತ್ತ ತಾಯಿ. ಒಂದು ತಾಯಿ ಇಂಥ ವ್ಯಾಪಾರ ಮಾಡುತ್ತಾಳಾ ಬಾಯಮ್ಮ?" ಎಂದಷ್ಟೇ ಕೇಳಿದೆ. ಅವರು ಎರಡು ಕನ್ನಡಕ ಏರಿಸಿ ಮತ್ತೆ ಫೋನು ಎತ್ತಿಕೊಂಡರು.

ಮತ್ತೆ ದಿನವೂ ಅದೇ ಆಯಿತು. ಅವರು ಅಂಕಿ ನೋಡುವುದು, ನಾನು ಅವರ ಮುಖ ನೋಡುವುದು. ಬಾಬು ಚೆನ್ನಾಗಿಯೇ ಎಸೆಯುತ್ತಿದ್ದ. ಅವನು ಎಸೆದಷ್ಟೂ ಬಾಯಮ್ಮನ ಹಟ ಗಟ್ಟಿಯಾಯಿತು. ಕೈಯೆತ್ತಿ ತಲೆ ಬಾಚಲು ಅವರಿಗೆ ಆಗುತ್ತಿರಲಿಲ್ಲ. ನಾನು ಬಾಚಿಕೊಟ್ಟೆ. ಅತ್ತು ಬೇಡಿಕೊಂಡೆ. ಅವರ ಕಾಲು ಹಿಡಿದೆ.

"ಎಂತ ನೀನು ದಿನಾ ನನಗೆ ಹೇಳುವುದು?" ಒಂದು ದಿನ ಅವರು ಸಿಟ್ಟಾದರು. "ನಿನ್ನದು ಇದ್ದತ್, ನನ್ನದು ಹರಕೆ. ನೀನು ಈ ಹೊಸ್ತಿಲು ದಾಟು ನೋಡುವಾ. ಮತ್ತೆ ನನಗೆ ಹೇಳು."

ಅವರು ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ನಾನು ದಾಟುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ನಾನು ಎದ್ದು ಬಿಳಿ ಬಟ್ಟೆಯ ಮೇಲೆ ಅಬಾಯಾ ಹಾಕಿದೆ. ನನ್ನ ಚಪ್ಪಲಿಯನ್ನು ಕಟ್ಟಿ ಒಳಗಿಟ್ಟಾಗಿತ್ತು, ನಿಮ್ಮ ಅಮ್ಮನ ಚಪ್ಪಲಿ ಮೆಟ್ಟಿದೆ. ಹೊಸ್ತಿಲು ದಾಟಿದೆ. ಮೆಟ್ಟಿಲು ಇಳಿದು ಬೀದಿಯಲ್ಲಿ ನಿಂತೆ. ಬಿಸಿಲು ಕಣ್ಣು ಕುಕ್ಕಿತು. ಎಲ್ಲರೂ ನನ್ನನ್ನೇ ನೋಡುತ್ತಾರೆ ಎನಿಸಿತು. ಹಿಂದಿನಿಂದ ಬಾಯಮ್ಮ ಗೋಡೆ ಹಿಡಿದು ಹಿಡಿದು ಇಳಿದು ಬಂದರು.

"ಹುಚ್ಚು ಹಿಡಿದಿದೆಯಾ ನಿನಗೆ? ಒಳಗೆ ಹೋಗು!"

"ನಾನು ದಾಟಿದೆ. ಈಗ ನೀವು ಬನ್ನಿ."

ಅವರು ಬೀದಿಯಲ್ಲೇ ಅತ್ತರು. ನಾನು ಟ್ಯಾಕ್ಸಿ ನಿಲ್ಲಿಸಿದೆ. ಜೀವನದಲ್ಲಿ ಮೊದಲ ಸಲ ನಾನೇ ಕೈಯೊಡ್ಡಿ ನಿಲ್ಲಿಸಿದ ಗಾಡಿ. ನಿಮ್ಮ ಅಪ್ಪ ಆಫೀಸಿನಿಂದ ದಮ್ಮಾಮಿನ ಆಸ್ಪತ್ರೆಗೆ ಓಡಿ ಬಂದ. ಸುದ್ದಿ ಊರಿಗೂ ಮುಟ್ಟಿತು. ನನ್ನ ನಾದಿನಿ ಫೋನಿನಲ್ಲಿ, "ಅಣ್ಣನ ಮಣ್ಣು ಆರಲಿಲ್ಲ, ಆಗಲೇ ತಿರುಗಾಟವಾ?" ಎಂದಳು. ನಿಮ್ಮ ಅಪ್ಪ ಉಸ್ತಾದರನ್ನು ಕೇಳಿದ. ಜೀವ ಉಳಿಸಲು ಹೋದದ್ದಾದರೆ ಅಲ್ಲಾಹು ಕ್ಷಮಿಸುತ್ತಾನೆ ಎಂದರಂತೆ.

ಜೀವ ಉಳಿಯಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಕತ್ತಿಯಿಂದ ಆಗುವ ಕಾಲ ದಾಟಿತು, ಯಕೃತ್ತಿಗೂ ಹೋಗಿದೆ ಎಂದರು. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ತೆಗೆದದ್ದು ಮಾತ್ರ ಆಯಿತು. ಹರಕೆ ಮುರಿಯಲು ಅಷ್ಟೇ ಸಾಕಾಗಿತ್ತು.

ಮುಂದಿನ ವಾರ ದ್ವೀಪದ ಆಟದಲ್ಲಿ ಬಾಬು ಎಸೆಯುತ್ತಿದ್ದವನು ನಡುವಿನಲ್ಲೇ ಮೊಣಕೈ ಹಿಡಿದು ಹೊರಗೆ ನಡೆದನೆಂದು ಫೋನಿನಲ್ಲಿ ಸುದ್ದಿ ಬಂತು. ಕೆಲವೇ ದಿನಗಳಲ್ಲಿ ತಂಡದವರು ಅವನನ್ನು ಬಿಟ್ಟರು. ಇದನ್ನು ಬಾಯಮ್ಮ ತಾವೇ ಓದಿದರು, ಆಸ್ಪತ್ರೆಯ ಮಂಚದಲ್ಲಿ, ಎರಡು ಕನ್ನಡಕ ಹಾಕಿಕೊಂಡು. ನಾನು ನೆಲ ನೋಡುತ್ತಾ ನಿಂತಿದ್ದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನದೂ ಅವನದೂ ಎರಡನ್ನೂ ಇಟ್ಟುಕೊಂಡಳಲ್ಲ ಮಾತೆ" ಎಂದರು ಅಷ್ಟೆ. ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ನನ್ನೊಡನೆ ಮಾತಿಲ್ಲ, ಊಟವಿಲ್ಲ. ನಾನು ಆ ಎರಡು ದಿನವೂ ಹೋದೆ. ಇನ್ನು ಹೊಸ್ತಿಲಿನ ಲೆಕ್ಕ ನನಗಿರಲಿಲ್ಲ.

ಮೂರನೆಯ ಬೆಳಿಗ್ಗೆ ನಾನು ಒಳಗೆ ಬಂದದ್ದೇ, "ಫೋನು ತೆಗಿ" ಎಂದರು. "ಬಾಬುವಿನ ತಂಡದಲ್ಲಿ ಒಬ್ಬ ಕಪ್ಪು ಹುಡುಗ ಇದ್ದ. ಅವನಿಗೂ ಅದೇ ಆಪರೇಷನ್ ಆಗಿತ್ತು. ಅವನು ನಿನ್ನೆ ಎಸೆದನಾ ನೋಡು."

ನೋಡಿದೆ. ಎಸೆದಿದ್ದ. ಮೂವರನ್ನೂ ಔಟ್ ಮಾಡಿದ್ದ.

"ಅವನಿಗೆ ಯಾರಿದ್ದಾರೋ ಎಂತದೋ" ಎಂದರು. "ನೀನು ಕೇಳು ಅವನಿಗೆ. ಕೈ ನೋಯದಿರಲಿ ಅಂತ ಮಾತ್ರ. ಬದಲಿಗೆ ಎಂತದೂ ಕೊಡ್ಲಿಕ್ಕೆ ಹೋಗಬೇಡ, ಗೊತ್ತಾಯ್ತಾ?"

ಅದಾಗಿ ಸ್ವಲ್ಪ ದಿನಗಳಲ್ಲಿ ಬಾಯಮ್ಮ ತೀರಿಕೊಂಡರು. ಅವರ ಪೆಟ್ಟಿಗೆ ಮಂಗಳೂರಿನ ವಿಮಾನಕ್ಕೆ ಹೋಗುವ ದಿನ ಹೆಂಗಸರು ಬರುವುದು ಬೇಡ ಎಂದು ಯಾರೋ ಹೇಳಿದರು. ನಾನು ಹೋದೆ. ಬಾಬುವಿಗೆ ನಿಮ್ಮ ಅಪ್ಪ ಇಂಟರ್ನೆಟ್ಟಿನಲ್ಲಿ ಸುದ್ದಿ ಕಳಿಸಿದ. ಉತ್ತರ ಇವತ್ತಿಗೂ ಬಂದಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗಾಗಿ ಒಬ್ಬರು ಏನು ಕೊಟ್ಟರೆಂದು ಅವನಿಗೆ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು.

ನನಗೆ ಗೊತ್ತಿದೆ. ಸಾಯುವವಳ ಹಾಗೆ ಕೂತಿದ್ದವಳಿಗೆ ಅವರು ನಾಳೆಯನ್ನು ತೋರಿಸಿದರು, ತಮ್ಮ ನಾಳೆಯನ್ನು ಉಳಿಸಿಕೊಳ್ಳಲಿಲ್ಲ. ನಾನು ಒಂದು ತಿಂಗಳು ಮೊದಲೇ ಬೀದಿಗೆ ಇಳಿದಿದ್ದರೆ ಏನಾಗುತ್ತಿತ್ತೋ. ಈ ಪ್ರಶ್ನೆಯನ್ನು ನಮಾಜು ಮುಗಿದ ಮೇಲೆ ದಿನವೂ ಕೇಳುತ್ತೇನೆ. ಬದಲಿಗೆ ಏನನ್ನೂ ಕೊಡುತ್ತೇನೆಂದು ಹೇಳುವುದಿಲ್ಲ.